ಶ್ರವಣಕುಮಾರನ ಹೆಗಲು



ಕಣ್ಣು ಕಾಣದ ತಾಯಿತಂದೆಗಳನ್ನು ಕಾವಡಿಯಲ್ಲಿ ಕುಳ್ಳಿರಿಸಿಕೊಂಡು ತೀರ್ಥಯಾತ್ರೆ ಮಾಡಿಸಿದ ಶ್ರವಣಕುಮಾರನ ಕಥೆಯನ್ನು ಕೇಳದವರು ನಮ್ಮಲ್ಲಿ ಯಾರೂ ಇಲ್ಲ. ನಮ್ಮ ಅಜ್ಜಿಯರು ಅದನ್ನು ಹೇಳುವಾಗ ಮಗನ ಭಕ್ತಿಗೆ ತಲೆದೂಗುತ್ತಿದ್ದರು. ದಶರಥನ ಬಾಣ ತಗುಲುವ ಸಂದರ್ಭ ಬಂದಾಗ ಸೆರಗಿನಿಂದ ಕಣ್ಣೊರಸಿಕೊಳ್ಳುತ್ತಿದ್ದರು. ನಾನೂ ಬಾಲ್ಯದಲ್ಲಿ ಆ ಕಥೆಯನ್ನು ಹಾಗೆಯೇ ಕೇಳಿದವನು. ಆದರೆ ಈಚಿನ ವರ್ಷಗಳಲ್ಲಿ ಅದು ನೆನಪಾದಾಗಲೆಲ್ಲ ನನ್ನ ಮನಸ್ಸಿನಲ್ಲಿ ಏಳುವ ಪ್ರಶ್ನೆ ಬೇರೆ. ಆ ಹುಡುಗನ ಹೆಗಲು ನೋಯುತ್ತಿರಲಿಲ್ಲವೆ? "ಒಂದು ಗಳಿಗೆ ಇತ್ತ ಕೊಡಪ್ಪ, ನಾನು ಹೊರುತ್ತೇನೆ" ಎಂದವರು ಅಷ್ಟು ದೂರದ ದಾರಿಯಲ್ಲಿ ಒಬ್ಬರಾದರೂ ಇದ್ದರೆ? ಕಥೆಯ ಕೊನೆಯನ್ನು ನೋಡಿರಿ. ನೀರು ತರಲು ಹೋದವನು ಒಬ್ಬನು ಬಿದ್ದನು. ಮೂವರ ಬಾಳೂ ಮುಗಿಯಿತು. ಭಾರವೆಲ್ಲ ಒಂದೇ ಹೆಗಲಿನ ಮೇಲೆ ಇದ್ದರೆ ಆಗತಕ್ಕದ್ದು ಅದೇ.

ಈ ಹೊತ್ತು ನಾನು ನಿವೇದಿಸಬೇಕೆಂದಿರುವುದು ಆ ಹೆಗಲಿನ ವಿಷಯವನ್ನು. ಮನೆಯಲ್ಲಿ ದೀರ್ಘಕಾಲ ಹಾಸಿಗೆ ಹಿಡಿದವರು, ಲಕ್ವ ಹೊಡೆದು ಕೈಕಾಲು ಸೋತವರು, ಬುದ್ಧಿ ಭ್ರಮಿಸಿದವರು, ನೆನಪು ಅಳಿದವರು—ಇಂಥವರ ಆರೈಕೆಯನ್ನು ಕುರಿತು ವೈದ್ಯರು ಎಷ್ಟೋ ಹೇಳಿದ್ದಾರೆ. ಆರೈಕೆ ಮಾಡುವವರ ಗತಿಯೇನು ಎಂಬುದನ್ನು ಕುರಿತು ನಾವು ಮಾತನಾಡಿರುವುದು ಬಹಳ ಕಡಿಮೆ. ಮಾತನಾಡುವುದೇ ಒಂದು ಅಪಚಾರವೆಂಬ ಭಾವನೆಯೂ ನಮ್ಮಲ್ಲಿ ಉಂಟು.

ಮೊದಲು ಕಾಲದ ವ್ಯತ್ಯಾಸವನ್ನು ಗಮನಿಸೋಣ. ನಮ್ಮ ದೇಶವು ಸ್ವತಂತ್ರವಾದ ಕಾಲದಲ್ಲಿ ಇಲ್ಲಿ ಹುಟ್ಟಿದ ಮಗುವಿನ ಸರಾಸರಿ ಆಯುಸ್ಸು ಸುಮಾರು 32 ವರ್ಷವಾಗಿತ್ತು. ಈಗ ಅದು 70ರ ಆಸುಪಾಸಿಗೆ ಬಂದಿದೆ. ಇದು ಸಂತೋಷಪಡತಕ್ಕ ಸಂಗತಿ. ಆದರೆ ಹಿಂದೆ ಮೂರು ದಿನದ ಜ್ವರದಲ್ಲಿ ತೀರಿಹೋಗುತ್ತಿದ್ದ ಮನುಷ್ಯನು ಈಗ ಬದುಕಿ ಉಳಿಯುತ್ತಾನೆ. ಉಳಿದು, ಮುಪ್ಪಿನಲ್ಲಿ ಹತ್ತು ವರ್ಷ ನಿಧಾನವಾಗಿ ಸವೆಯುವ ರೋಗಗಳಿಗೆ ಈಡಾಗುತ್ತಾನೆ. 2023ರಲ್ಲಿ ಪ್ರಕಟವಾದ ಒಂದು ದೇಶವ್ಯಾಪಿ ಅಧ್ಯಯನದ ಅಂದಾಜಿನಂತೆ, 60 ವರ್ಷ ದಾಟಿದ ಭಾರತೀಯರಲ್ಲಿ ನೂರಕ್ಕೆ 7.4 ಮಂದಿಗೆ, ಎಂದರೆ ಸುಮಾರು 88 ಲಕ್ಷ ಜನರಿಗೆ, ವೈದ್ಯರು ಡಿಮೆನ್ಷಿಯಾ ಎಂದು ಕರೆಯುವ ಮರೆವಿನ ಕಾಯಿಲೆ ಇದೆ. ಆ ಲಕ್ಷಗಳ ಪೈಕಿ ಬಹುಮಟ್ಟಿಗೆ ಎಲ್ಲರೂ ಇರುವುದು ಆಸ್ಪತ್ರೆಗಳಲ್ಲಲ್ಲ. ನಮ್ಮ ನಿಮ್ಮ ಮನೆಗಳ ನಡುಮನೆಯ ಪಕ್ಕದ ಕೋಣೆಗಳಲ್ಲಿ.

ಹಿಂದೆ ಅವಿಭಕ್ತ ಕುಟುಂಬಗಳಿದ್ದವು, ಆಗ ಈ ಕಷ್ಟವಿರಲಿಲ್ಲ ಎಂದು ಕೆಲವರು ಹೇಳುವುದುಂಟು. ಈ ಮಾತಿನಲ್ಲಿ ಅರ್ಧ ಸತ್ಯವಿದೆ. ಕೈಗಳು ಹೆಚ್ಚಾಗಿದ್ದವು ನಿಜ. ಆದರೆ ಆ ಮನೆಗಳಲ್ಲಿಯೂ ಮುದುಕರ ಕಫದ ಬಟ್ಟಲನ್ನು ತೊಳೆಯುತ್ತಿದ್ದವರು ಯಾರು? ಚಿಕ್ಕಂದಿನಲ್ಲೇ ಗಂಡನನ್ನು ಕಳೆದುಕೊಂಡು ತವರಿಗೆ ಬಂದ ಸೋದರತ್ತೆ. ಇಲ್ಲವೆ ಕಿರಿಯ ಸೊಸೆ. ಅವರ ದಣಿವನ್ನು ಯಾರೂ ಲೆಕ್ಕವಿಡಲಿಲ್ಲ. ಲೆಕ್ಕವಿಡದಿದ್ದ ಕಾರಣ ದಣಿವೇ ಇರಲಿಲ್ಲವೆಂದು ನಾವು ತಿಳಿದುಕೊಂಡಿದ್ದೇವೆ. ಈಗಲಾದರೋ ಲೆಕ್ಕವು ದೊರೆಯುತ್ತದೆ. ಕೇಂದ್ರ ಸರ್ಕಾರದವರು 2024ರಲ್ಲಿ ನಡೆಸಿದ ಕಾಲವಿನಿಯೋಗದ ಸಮೀಕ್ಷೆಯಲ್ಲಿ, 15ರಿಂದ 59 ವರ್ಷದವರ ಪೈಕಿ ಮನೆಯವರ ಆರೈಕೆಯಲ್ಲಿ ತೊಡಗಿದ್ದ ಹೆಂಗಸರು ನೂರಕ್ಕೆ 41, ಗಂಡಸರು 21. ತೊಡಗಿದವರಲ್ಲಿಯೂ ಹೆಂಗಸರು ದಿನಕ್ಕೆ ಸರಾಸರಿ 140 ನಿಮಿಷ, ಗಂಡಸರು 74 ನಿಮಿಷ. ಇದರಲ್ಲಿ ಮಕ್ಕಳ ಪಾಲನೆಯೂ ಸೇರಿದೆ. ಆದರೂ ಕಾವಡಿಯ ತೂಕ ಯಾವ ಹೆಗಲಿನ ಮೇಲೆ ಬಿದ್ದಿದೆಯೆಂಬುದು ಇದರಿಂದ ಸ್ಪಷ್ಟವಾಗುತ್ತದೆ.

ಈ ಅಂಕಿಗಳನ್ನು ನೋಡುವುದಕ್ಕೆ ಬಹಳ ಮೊದಲೇ ನನಗೆ ಈ ಪಾಠವಾಗಿತ್ತು. ನನ್ನ ಮನೆಯ ಸಂಗತಿಯನ್ನು ಹೇಳುವುದಕ್ಕೆ ಸಂಕೋಚವಾಗುತ್ತದೆ. ಆದರೆ ಹೇಳದೆ ಹೋದರೆ ಈ ಭಾಷಣಕ್ಕೆ ನನಗೆ ಅಧಿಕಾರವಿರುವುದಿಲ್ಲ.

ನಮ್ಮ ತಾಯಿಯವರಿಗೆ ಎಪ್ಪತ್ತೈದು ದಾಟಿದ ಮೇಲೆ ಮರೆವು ತಲೆದೋರಿತು. ಮೊದಮೊದಲು ಸಾರಿಗೆ ಎರಡು ಸಲ ಉಪ್ಪು ಹಾಕುವರು. ನಾವು ನಕ್ಕು ಸುಮ್ಮನಾಗುತ್ತಿದ್ದೆವು. ತರುವಾಯ ಬೀದಿಯ ಹೆಸರು ಮರೆಯಿತು, ಮೊಮ್ಮಕ್ಕಳ ಹೆಸರು ಮರೆಯಿತು, ಕೊನೆಗೆ ತಾವಿರುವ ಮನೆ ಯಾವುದೆಂಬುದೂ ಮರೆಯಿತು. ದೀಪ ಹಚ್ಚುವ ಹೊತ್ತಾದರೆ ಎದ್ದು ನಿಂತು, "ಹೊತ್ತಾಯಿತು, ಮನೆಗೆ ಹೋಗೋಣ" ಎಂದು ಹಟ ಹಿಡಿಯುವರು. ಇದೇ ನಿಮ್ಮ ಮನೆ ಎಂದರೆ ನಂಬುವರಲ್ಲ. ಅಳುವರು, ಕೆಲವು ಸಲ ಹೊಡೆಯುವರು. ನನ್ನ ಹೆಂಡತಿ ಇದಕ್ಕೆ ಒಂದು ಉಪಾಯವನ್ನು ಕಂಡುಕೊಂಡಳು. ಅತ್ತೆಯ ಕೈ ಹಿಡಿದುಕೊಂಡು, "ನಡೆಯಿರಿ ಅತ್ತೆ, ಹೋಗೋಣ" ಎಂದು ಹೊರಗೆ ಕರೆದುಕೊಂಡು ಹೋಗಿ, ಬೀದಿಯನ್ನು ಒಂದು ಸುತ್ತು ಸುತ್ತಿಸಿ, ಅದೇ ಗೇಟಿನಿಂದ ಒಳಗೆ ಕರೆತಂದು, "ಮನೆ ಬಂದಿತು" ಎನ್ನುವಳು. ತಾಯಿಯವರಿಗೆ ಸಮಾಧಾನವಾಗುತ್ತಿತ್ತು. ಮಳೆ ಬಂದರೆ ಕೊಡೆ ಹಿಡಿದುಕೊಂಡು ಈ ಪ್ರದಕ್ಷಿಣೆ ನಡೆಯುತ್ತಿತ್ತು. ಹೀಗೆ ಐದು ವರ್ಷ. ನಾನು ಏಳು ಗಂಟೆಗೆ ಕಚೇರಿಯಿಂದ ಬರುವ ವೇಳೆಗೆ ಮನೆ ಶಾಂತವಾಗಿರುತ್ತಿತ್ತು. ಮನೆ ತಾನಾಗಿಯೇ ಶಾಂತವಾಗಿದೆಯೆಂದು ನಾನು ತಿಳಿದಿದ್ದೆನು.

ಬಂಧುಗಳು ನೋಡಲು ಬರುವರು. "ಈ ಕಾಲದಲ್ಲಿಯೂ ತಾಯಿಯನ್ನು ಇಷ್ಟು ಚೆನ್ನಾಗಿ ನೋಡಿಕೊಳ್ಳುವ ಮಗನಿದ್ದಾನಲ್ಲ! ಸಾಕ್ಷಾತ್ ಶ್ರವಣಕುಮಾರ" ಎಂದು ನನ್ನನ್ನು ಹೊಗಳುವರು. ಅವರು ಹಾಗೆನ್ನುತ್ತಿದ್ದುದು ನನ್ನ ಹೆಂಡತಿ ತಂದಿಟ್ಟ ಕಾಫಿಯನ್ನು ಕುಡಿಯುತ್ತ. ಕಾಫಿ ಇಟ್ಟವಳು ಒಳಗೆ ಹೋಗಿ ಒದ್ದೆಯಾದ ಹಾಸಿಗೆಯ ಬಟ್ಟೆಯನ್ನು ಬದಲಾಯಿಸುತ್ತಿದ್ದಳು. ನಾನು ಆ ಹೊಗಳಿಕೆಯನ್ನು ತಲೆ ತಗ್ಗಿಸಿ ವಿನಯದಿಂದ ಸ್ವೀಕರಿಸಿದೆನೆಂಬುದನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ.

ಒಂದು ದಿವಸ ತಾಯಿಯವರನ್ನು ತೋರಿಸುವುದಕ್ಕಾಗಿ ವೈದ್ಯರೊಬ್ಬರಲ್ಲಿಗೆ ಹೋಗಿದ್ದೆವು. ಅವರು ರೋಗಿಯನ್ನು ಪರೀಕ್ಷಿಸಿ ಔಷಧ ಬರೆದರು. ಆಮೇಲೆ ಲೇಖನಿಯನ್ನು ಕೆಳಗಿಟ್ಟು ನನ್ನ ಹೆಂಡತಿಯ ಕಡೆ ತಿರುಗಿ, "ನೀವು ಹೇಗಿದ್ದೀರಮ್ಮ? ರಾತ್ರಿ ಎಷ್ಟು ಹೊತ್ತು ನಿದ್ದೆ ಮಾಡುತ್ತೀರಿ?" ಎಂದು ಕೇಳಿದರು. ಐದು ವರ್ಷಗಳಲ್ಲಿ ಆ ಪ್ರಶ್ನೆಯನ್ನು ಕೇಳಿದವರಲ್ಲಿ ಅವರೇ ಮೊದಲಿಗರು. ಆಕೆ ಉತ್ತರ ಕೊಡಲಿಲ್ಲ, ಅಳುವುದಕ್ಕೆ ತೊಡಗಿದಳು. ಸ್ವಲ್ಪ ಹೊತ್ತಿನ ಮೇಲೆ ಹೇಳಿದ ಮಾತು ಇದು: "ಮೊನ್ನೆ ಸ್ನಾನ ಮಾಡಿಸುವಾಗ ಅತ್ತೆಯವರು ಬಿಡದೆ ಹೊಡೆದರು. ನಾನು ಅವರ ಕೈಯನ್ನು ಜೋರಾಗಿ ಹಿಡಿದೆಳೆದೆ, ಮಣಿಕಟ್ಟು ಕೆಂಪಾಯಿತು. ಅವರು ಅದನ್ನು ಆಗಲೇ ಮರೆತರು. ನನಗೆ ಮರೆಯುವುದಕ್ಕೆ ಆಗುತ್ತಿಲ್ಲ." ವೈದ್ಯರು, "ಇದು ಕೆಟ್ಟತನವಲ್ಲ ತಾಯಿ, ಆಯಾಸ" ಎಂದು ಸಮಾಧಾನ ಹೇಳಿ, ಬಳಿಕ ನನ್ನನ್ನು ಕೇಳಿದರು: "ವಾರದಲ್ಲಿ ಎಷ್ಟು ಗಂಟೆ ನೀವೊಬ್ಬರೇ ನಿಮ್ಮ ತಾಯಿಯವರ ಹತ್ತಿರ ಇರುತ್ತೀರಿ?" ನನ್ನಲ್ಲಿ ಉತ್ತರವಿರಲಿಲ್ಲ.

ಮುಂದಿನ ಭಾನುವಾರ ಬೆಳಗಿನಿಂದ ಸಂಜೆಯವರೆಗೆ ತಾಯಿಯವರನ್ನು ನಾನೊಬ್ಬನೇ ನೋಡಿಕೊಂಡೆನು. ಮಧ್ಯಾಹ್ನ ಹನ್ನೆರಡು ಗಂಟೆಯೊಳಗೆ ಎರಡು ಸಲ ಕೂಗಾಡಿದ್ದೆನು. ನನ್ನ ಹೆಂಡತಿ ಅಂದು ಸಿನಿಮಾಕ್ಕೆ ಹೋಗಲಿಲ್ಲ, ಅಂಗಡಿಗೆ ಹೋಗಲಿಲ್ಲ. ಅಕ್ಕನ ಮನೆಗೆ ಹೋಗಿ ಸಾಯಂಕಾಲದವರೆಗೆ ಮಲಗಿ ನಿದ್ರೆ ಮಾಡಿ ಬಂದಳು. ಮನುಷ್ಯನಿಗೆ ಬೇಕಾದ ಭೋಗಗಳಲ್ಲೆಲ್ಲ ಆಕೆ ಆರಿಸಿಕೊಂಡದ್ದು ನಿದ್ರೆಯನ್ನು. ಆಯಾಸವೆಂದರೆ ಎಷ್ಟೆಂಬುದು ನನಗೆ ಅರ್ಥವಾದದ್ದು ಆ ಸಂಜೆ.

ಈ ಆಯಾಸದ ಸ್ವರೂಪವನ್ನು ಸ್ವಲ್ಪ ಬಿಡಿಸಿ ನೋಡೋಣ. ಅದು ಮೊದಲು ಶರೀರಕ್ಕೆ ತಗಲುತ್ತದೆ. ರೋಗಿಯನ್ನು ಎತ್ತಿ ಕೂರಿಸುವುದರಿಂದ ಬೆನ್ನು ಹೋಗುತ್ತದೆ. ರಾತ್ರಿ ನಾಲ್ಕು ಸಲ ಏಳುವುದರಿಂದ ನಿದ್ರೆ ಹೋಗುತ್ತದೆ. ತನ್ನ ರಕ್ತದ ಒತ್ತಡಕ್ಕೆ ಮಾತ್ರೆ ತರಿಸಿಕೊಳ್ಳುವುದು ನಾಳೆಗೆ, ನಾಳಿದ್ದಿಗೆ ಎಂದು ಮುಂದೆ ಬೀಳುತ್ತದೆ. ಅಮೆರಿಕಾ ದೇಶದ ಒಹಾಯೋ ಪ್ರಾಂತದಲ್ಲಿ ವಿಜ್ಞಾನಿಗಳು 1995ರಲ್ಲಿ ಪ್ರಕಟಿಸಿದ ಒಂದು ಪ್ರಯೋಗವಿದೆ. ಮರೆವಿನ ಕಾಯಿಲೆಯ ಬಂಧುಗಳನ್ನು ನೋಡಿಕೊಳ್ಳುತ್ತಿದ್ದ 13 ಮಂದಿ ಹೆಂಗಸರಿಗೂ, ಅಂಥ ಹೊಣೆಯಿಲ್ಲದ ಅಷ್ಟೇ ಮಂದಿಗೂ ತೋಳಿನ ಮೇಲೆ ಒಂದೇ ಅಳತೆಯ ಚಿಕ್ಕ ಗಾಯವನ್ನು ಮಾಡಿ, ಅದು ಮಾಯುವುದನ್ನು ನೋಡಿದರು. ಆರೈಕೆ ಮಾಡುವವರ ಗಾಯ ಮಾಯುವುದಕ್ಕೆ ಸರಾಸರಿ ಒಂಬತ್ತು ದಿನ ಹೆಚ್ಚು ಹಿಡಿಯಿತು. ಚಿಂತೆಯು ಚರ್ಮದವರೆಗೆ ಇಳಿಯುತ್ತದೆಂಬುದು ಬರಿಯ ಕವಿಸಮಯವಲ್ಲ.

ಎರಡನೆಯದು ಮನಸ್ಸಿನ ನೋವು. ಇದರಲ್ಲಿ ಕೋಪವಿದೆ, ಕೋಪಕ್ಕಾಗಿ ಪಶ್ಚಾತ್ತಾಪವಿದೆ. ಬದುಕಿರುವವರಿಗಾಗಿಯೇ ದುಃಖಿಸುವ ವಿಚಿತ್ರವಾದ ಶೋಕವಿದೆ. ತಾಯಿ ಎದುರಿಗೇ ಕುಳಿತಿದ್ದಾಳೆ, ಆದರೆ ತನ್ನನ್ನು ಮಗನೆಂದು ತಿಳಿದಿದ್ದ ತಾಯಿ ಹೊರಟುಹೋಗಿದ್ದಾಳೆ. "ಇದು ಯಾವಾಗ ಮುಗಿಯುವುದೋ" ಎಂಬ ಯೋಚನೆ ನಡುರಾತ್ರಿಯಲ್ಲಿ ಬರುತ್ತದೆ. ಬಂದ ಮರುಕ್ಷಣವೇ ತಾನು ಪಾಪಿಯೆಂಬ ಭಾವನೆ ಬರುತ್ತದೆ. ಈ ಯೋಚನೆ ಬರದ ಶುಶ್ರೂಷಕರು ವಿರಳ. ಅದನ್ನು ಬಾಯಿಬಿಟ್ಟು ಹೇಳಿದವರು ಇನ್ನೂ ವಿರಳ.

ಮೂರನೆಯದು ಏಕಾಂತ. ಮನೆ ಬಿಟ್ಟು ಹೊರಡಲಾಗದವರನ್ನು ಮದುವೆಗೆ ಕರೆಯುವುದು ಕ್ರಮೇಣ ನಿಂತುಹೋಗುತ್ತದೆ. ರೋಗವು ಬುದ್ಧಿಗೆ ಸಂಬಂಧಪಟ್ಟದ್ದಾದರೆ ನೆರೆಯವರು ತಾವಾಗಿಯೇ ದೂರವಾಗುತ್ತಾರೆ. ನಾಲ್ಕನೆಯದು ಹಣ. ಔಷಧದ ಖರ್ಚು ಲೆಕ್ಕಕ್ಕೆ ಸಿಕ್ಕುತ್ತದೆ. ತಂದೆಗಾಗಿ ಕೆಲಸ ಬಿಟ್ಟ ಮಗಳ ಸಂಬಳ ಯಾವ ಲೆಕ್ಕಕ್ಕೂ ಸಿಕ್ಕುವುದಿಲ್ಲ. ಪುಂಡಲೀಕನು ತಾಯಿತಂದೆಗಳ ಸೇವೆಯಲ್ಲಿದ್ದಾಗ ಪಾಂಡುರಂಗನು ಇಟ್ಟಿಗೆಯ ಮೇಲೆ ನಿಂತು ಕಾದನಂತೆ. ದೇವರು ಕಾದನು, ಕಚೇರಿಯ ಮೇಲಧಿಕಾರಿಗಳು ಕಾಯುವುದಿಲ್ಲ.

ಹಾಗಾದರೆ ಸೇವೆಯೇ ಹಾನಿಕರವೆಂದು ತಿಳಿಯಬೇಕೆ? ಹಾಗಲ್ಲ. ಇಲ್ಲಿ ಒಂದು ಮುಖ್ಯವಾದ ವಿವೇಚನೆ ಇದೆ. ಅಮೆರಿಕಾದಲ್ಲಿಯೇ 1999ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನದಲ್ಲಿ, ಕಾಯಿಲೆಯ ಗಂಡನನ್ನೋ ಹೆಂಡತಿಯನ್ನೋ ನೋಡಿಕೊಳ್ಳುತ್ತಿದ್ದ ವೃದ್ಧರನ್ನು ನಾಲ್ಕು ವರ್ಷಗಳ ಕಾಲ ಗಮನಿಸಿದರು. ಆರೈಕೆಯಿಂದ ಬಳಲಿಕೆಯಾಗುತ್ತಿದೆಯೆಂದು ಹೇಳಿದವರಲ್ಲಿ ಮರಣದ ಸಂಭವವು ಇತರರಿಗಿಂತ ನೂರಕ್ಕೆ 63ರಷ್ಟು ಹೆಚ್ಚಾಗಿತ್ತು. ಆದರೆ ಆರೈಕೆ ಮಾಡುತ್ತಿದ್ದರೂ ಬಳಲಿಕೆಯಿಲ್ಲವೆಂದವರಲ್ಲಿ ಅಂಥ ಹೆಚ್ಚಳ ಕಾಣಲಿಲ್ಲ. ಎಂದಮೇಲೆ ವಿಷವಿರುವುದು ಸೇವೆಯಲ್ಲಲ್ಲ, ಮಿತಿಮೀರಿದ ಬಳಲಿಕೆಯಲ್ಲಿ. ಬಳಲಿಕೆಯನ್ನು ಹಂಚಿಕೊಳ್ಳುವುದು ಮನುಷ್ಯರಿಂದ ಸಾಧ್ಯವಾದ ಕೆಲಸ.

ಹಂಚಿಕೊಂಡರೆ ಫಲವುಂಟೆ ಎಂಬುದಕ್ಕೂ ನಿದರ್ಶನವಿದೆ. ನ್ಯೂಯಾರ್ಕ್ ನಗರದ ವಿಶ್ವವಿದ್ಯಾನಿಲಯದವರು ಮರೆವಿನ ಕಾಯಿಲೆಯವರನ್ನು ನೋಡಿಕೊಳ್ಳುವ 406 ಮಂದಿ ಪತಿಪತ್ನಿಯರಲ್ಲಿ ಅರ್ಧದಷ್ಟು ಮಂದಿಗೆ ವಿಶೇಷವಾದ ನೆರವನ್ನು ಏರ್ಪಡಿಸಿದರು. ಆ ನೆರವು ಯಾವುದೋ ದುಬಾರಿ ಔಷಧವಲ್ಲ. ಆರು ಸಲ ಕುಳಿತು ಮಾತನಾಡುವುದು. ಅದರಲ್ಲಿ ನಾಲ್ಕು ಸಲ ಬಂಧುಗಳನ್ನೆಲ್ಲ ಸೇರಿಸಿಕೊಂಡು. ಆಮೇಲೆ ಸಮಾನದುಃಖಿಗಳ ಒಂದು ಕೂಟ. ಕಷ್ಟ ಬಂದಾಗ ಟೆಲಿಫೋನಿನಲ್ಲಿ ಸಲಹೆ. ಇಷ್ಟೇ. 2006ರಲ್ಲಿ ಪ್ರಕಟವಾದ ಫಲಿತಾಂಶದಂತೆ, ನೆರವು ಪಡೆದವರು ತಮ್ಮ ರೋಗಿಯನ್ನು ಮಿಕ್ಕವರಿಗಿಂತ ಸುಮಾರು ಒಂದೂವರೆ ವರ್ಷ ಹೆಚ್ಚು ಕಾಲ ಮನೆಯಲ್ಲಿಯೇ ಇಟ್ಟುಕೊಳ್ಳಲು ಶಕ್ತರಾದರು.

ನಮ್ಮ ದೇಶದಲ್ಲಿಯೂ ಈ ತಿಳಿವಳಿಕೆ ಹೊಸದೇನೂ ಅಲ್ಲ. 1950ರ ದಶಕದಲ್ಲಿ ಅಮೃತಸರದ ಮಾನಸಿಕ ಆಸ್ಪತ್ರೆಯಲ್ಲಿ ಡಾಕ್ಟರ್ ವಿದ್ಯಾಸಾಗರರು ರೋಗಿಗಳ ಮನೆಯವರನ್ನು ಆಸ್ಪತ್ರೆಯ ಆವರಣದಲ್ಲಿಯೇ ಡೇರೆಗಳಲ್ಲಿ ಇರಿಸಿಕೊಂಡು, ರೋಗದ ಸ್ವರೂಪವನ್ನು ಅವರಿಗೆ ತಿಳಿಯಹೇಳಿದರು. ಒಬ್ಬರ ಕಷ್ಟವನ್ನು ಇನ್ನೊಬ್ಬರು ಕೇಳಿದರು. ತಾವು ಒಂಟಿಯಲ್ಲವೆಂಬುದು ಅವರಿಗೆ ತಿಳಿಯಿತು. ವೆಲ್ಲೂರಿನಲ್ಲಿಯೂ ಆ ದಶಕದ ಕೊನೆಗೆ ಇದೇ ಕ್ರಮ ಬಂದಿತು. ನಮ್ಮ ಬೆಂಗಳೂರಿನ ನಿಮ್ಹಾನ್ಸ್ ಸಂಸ್ಥೆಯವರೂ ಕುಟುಂಬವನ್ನು ಚಿಕಿತ್ಸೆಯ ಅಂಗವೆಂದು ಎಣಿಸಿದರು. ಕೇರಳದ ಕಲ್ಲಿಕೋಟೆಯಲ್ಲಿ 1993ರಲ್ಲಿ ಆರಂಭವಾದ ನೋವು ನಿವಾರಣೆಯ ಸಂಘವೊಂದರಿಂದ ಬೆಳೆದ ಚಳವಳಿಯು ಇನ್ನೂ ಮುಂದೆ ಹೋಯಿತು. ನೆರೆಹೊರೆಯ ಸಾಮಾನ್ಯ ಜನರೇ ತರಬೇತಿ ಪಡೆದು, ದಾದಿಯರ ಜೊತೆಯಲ್ಲಿ ಹಾಸಿಗೆ ಹಿಡಿದವರ ಮನೆಗಳಿಗೆ ಹೋಗುವ ಪದ್ಧತಿ ಅಲ್ಲಿ ಬೇರೂರಿತು; 2008ರಲ್ಲಿ ಸರ್ಕಾರದವರು ಅದನ್ನು ರಾಜ್ಯದ ನೀತಿಯನ್ನಾಗಿ ಅಂಗೀಕರಿಸಿದರು. ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವವರಿಗೆ ತಿಂಗಳಿಗೆ 600 ರೂಪಾಯಿ ಕೊಡುವ ಏರ್ಪಾಟನ್ನೂ ಅಲ್ಲಿ ಮಾಡಿದರು. ಮೊತ್ತ ಅಲ್ಪ, ಆದರೆ ಇದೂ ಒಂದು ಕೆಲಸವೆಂದು ಒಪ್ಪಿಕೊಂಡದ್ದು ಅಲ್ಪವಲ್ಲ.

ಇಂಗ್ಲೆಂಡಿನ ಒಂದು ಸಂಗತಿಯನ್ನೂ ಹೇಳುತ್ತೇನೆ. ಮೇರಿ ವೆಬ್‌ಸ್ಟರ್ ಎಂಬ ಧರ್ಮೋಪದೇಶಕಿ ತಾಯಿತಂದೆಗಳ ಆರೈಕೆಗಾಗಿ 1954ರಲ್ಲಿ ತನ್ನ ಉದ್ಯೋಗವನ್ನು ಬಿಟ್ಟಳು. 1963ರಲ್ಲಿ ಆಕೆ ತನ್ನಂಥ ಅವಿವಾಹಿತೆಯರ ಕಷ್ಟವನ್ನು ಕುರಿತು ಪತ್ರಿಕೆಗಳಿಗೆ ಕಾಗದ ಬರೆದಾಗ, ಅದೇ ಸ್ಥಿತಿಯಲ್ಲಿದ್ದ ನೂರಾರು ಹೆಂಗಸರು ಉತ್ತರ ಬರೆದರು. 1965ರಲ್ಲಿ ಒಂದು ಸಂಘ ಹುಟ್ಟಿತು. 1976ರಲ್ಲಿ ಆರೈಕೆ ಮಾಡುವವರಿಗೆ ಸರ್ಕಾರದ ಭತ್ಯೆ ಬಂದಿತು. ಆದರೆ ಮದುವೆಯಾದ ಹೆಂಗಸರಿಗೆ ಅದು ದೊರೆಯಲಿಲ್ಲ. ಅವರು ಹೇಗಿದ್ದರೂ ಮನೆಯಲ್ಲಿಯೇ ಇರುವವರಲ್ಲವೆ, ಎಂದು ಅಲ್ಲಿನವರ ವಾದ! ಆ ಅನ್ಯಾಯ ಸರಿಹೋದದ್ದು 1986ರಲ್ಲಿ. "ಹೇಗಿದ್ದರೂ ಮನೆಯಲ್ಲಿರುವವಳು" ಎಂಬ ಮಾತು ನಮಗೂ ಅಪರಿಚಿತವಲ್ಲ. ನಮ್ಮಲ್ಲಿ 2016ರ ಅಂಗವಿಕಲರ ಹಕ್ಕುಗಳ ಕಾಯಿದೆಯು ಹೆಚ್ಚಿನ ಆಸರೆ ಬೇಕಾದವರಿಗೆ ಆರೈಕೆಯ ಭತ್ಯೆಯನ್ನು ಕೊಡುವ ಮಾತನ್ನು ಆಡಿದೆ. ಕಾಗದದ ಮೇಲಿನ ಆ ಮಾತು ಮನೆಮನೆಗೆ ಮುಟ್ಟುವಂತೆ ಒತ್ತಾಯಪಡಿಸಬೇಕಾದವರು ಬಲ್ಲವರಾದ ನಾವೇ.

ಸರ್ಕಾರ ಮಾಡುವುದನ್ನು ಸರ್ಕಾರ ಮಾಡಲಿ. ಮನೆಯಲ್ಲಿ ನಾವು ಮಾಡಬಹುದಾದ್ದೇನು?

ಮೊದಲನೆಯದಾಗಿ, ಕೆಲಸವನ್ನು ಗಂಟೆಗಳ ಲೆಕ್ಕದಲ್ಲಿ ಹಂಚಿಕೊಳ್ಳಬೇಕು. "ಏನಾದರೂ ಬೇಕಾದರೆ ಹೇಳಿ" ಎಂಬುದು ಸಹಾಯವಲ್ಲ, ಉಪಚಾರದ ಮಾತು. "ಗುರುವಾರ ಮೂರರಿಂದ ಆರರವರೆಗೆ ನಾನು ಬಂದು ಕೂರುತ್ತೇನೆ, ನೀವು ಹೊರಗೆ ಹೋಗಿಬನ್ನಿ" ಎಂಬುದು ಸಹಾಯ. ದೂರದ ಊರಿನಲ್ಲಿರುವ ಅಣ್ಣತಮ್ಮಂದಿರು ವರ್ಷಕ್ಕೊಮ್ಮೆ ಬಂದು ಔಷಧ ಸರಿಯಿಲ್ಲ, ಊಟ ಸರಿಯಿಲ್ಲವೆಂದು ತಪ್ಪು ಹುಡುಕುವುದಕ್ಕಿಂತ, ಹದಿನೈದು ದಿನ ಇದ್ದು ಹೊಣೆ ಹೊರುವುದು ಮೇಲು. ಅದು ಸಾಧ್ಯವಿಲ್ಲದಿದ್ದರೆ ಆಳಿನ ಸಂಬಳವನ್ನು ಕೊಡುವುದು ಮೇಲು. ಹಾಗೆ ಸಂಬಳಕ್ಕೆ ಬರುವವರಿಗೂ ಬೆನ್ನು ಇದೆ, ನಿದ್ರೆ ಬೇಕು ಎಂಬುದನ್ನು ಮರೆಯಬಾರದು.

ಎರಡನೆಯದಾಗಿ, ರೋಗಿಯನ್ನು ನೋಡಲು ಹೋದಾಗ ರೋಗಿಯನ್ನು ವಿಚಾರಿಸಿದ ಮೇಲೆ ಒಳಗಿರುವವರನ್ನೂ ಹೆಸರು ಹಿಡಿದು ವಿಚಾರಿಸಬೇಕು. ವೈದ್ಯರೂ ಔಷಧದ ಚೀಟಿ ಬರೆದ ಬಳಿಕ ಒಂದು ನಿಮಿಷ ಆ ಪ್ರಶ್ನೆಯನ್ನು ಕೇಳಬೇಕು.

ಮೂರನೆಯದಾಗಿ, ಶಕ್ತಿ ಮೀರಿದಾಗ ಹೊರಗಿನ ನೆರವನ್ನು ಪಡೆಯುವುದು ಲೋಪವಲ್ಲ. ಮನಸ್ಸು ಕುಗ್ಗಿದವರು ಹಗಲು ರಾತ್ರಿ ಯಾವಾಗಲಾದರೂ ಮಾತನಾಡುವುದಕ್ಕೆ 2022ರಲ್ಲಿ ಆರಂಭವಾದ ಟೆಲಿ ಮಾನಸ್ ಎಂಬ ವ್ಯವಸ್ಥೆಯಿದೆ. ಅದರ ಸಂಖ್ಯೆ 14416. ವೃದ್ಧರ ವಿಷಯದಲ್ಲಿ ಸಲಹೆ ಬೇಕಾದರೆ 14567. ಇವು ರೋಗಿಗಳಿಗೆ ಹೇಗೋ ಅವರನ್ನು ನೋಡಿಕೊಳ್ಳುವವರಿಗೂ ಹಾಗೆಯೇ. ಕೊನೆಗೆ ಮನೆಯಲ್ಲಿ ಇಟ್ಟುಕೊಳ್ಳುವುದು ಅಸಾಧ್ಯವಾಗಿ ಒಳ್ಳೆಯ ಆರೈಕೆಯ ಮನೆಗೆ ಸೇರಿಸಬೇಕಾಗಿ ಬಂದವರನ್ನು, ಆ ಹೊರೆಯನ್ನು ಒಂದು ದಿನವೂ ಹೊರದ ನಾವು ಆಡಿಕೊಳ್ಳದಿರೋಣ.

ಪ್ರೀತಿಗೆ ಸರದಿ ಉಂಟೆ, ಸೇವೆಗೆ ರಜೆ ಉಂಟೆ ಎಂದು ಆಕ್ಷೇಪಿಸುವವರು ನಮ್ಮ ದೇವಾಲಯಗಳ ಕಡೆಗೆ ನೋಡಬೇಕು. ದೇವರ ಸೇವೆಯಲ್ಲಿಯೇ ಅರ್ಚಕರಿಗೆ ಸರದಿಯಿದೆ. ಒಬ್ಬರ ಪಾಳಿ ಮುಗಿದರೆ ಇನ್ನೊಬ್ಬರು ಬರುತ್ತಾರೆ. ದೇವರಿಗೂ ಶಯನೋತ್ಸವವಿದೆ, ಬಾಗಿಲು ಹಾಕುವ ಹೊತ್ತಿದೆ. ದೇವರ ಸೇವಕರಿಗೆ ಇರುವ ವಿಶ್ರಾಂತಿ ತಾಯಿಯ ಸೇವಕಿಗೆ ಏಕೆ ಇರಬಾರದು?

ನಮ್ಮ ತಾಯಿಯವರು ಆ ಭಾನುವಾರದ ನಂತರ ಎರಡು ವರ್ಷವಿದ್ದರು. ಸಂಜೆಯ ಪ್ರದಕ್ಷಿಣೆಯನ್ನು ಒಂದು ದಿನ ಆಕೆ, ಒಂದು ದಿನ ನಾನು ಮಾಡಿಸುತ್ತಿದ್ದೆವು. ನಾನು ಕೈ ಹಿಡಿದು ನಡೆಸುವಾಗ ತಾಯಿಯವರು ನನ್ನನ್ನು ಯಾರೋ ದಾರಿಯವನೆಂದು ತಿಳಿದು, "ನಿಮಗೆ ಪುಣ್ಯ ಬರಲಿ, ಮನೆ ಮುಟ್ಟಿಸಿದಿರಿ" ಎನ್ನುತ್ತಿದ್ದರು. ಹೊಗಳಿಕೆಗಳಲ್ಲಿ ನನಗೆ ಸಲ್ಲತಕ್ಕದ್ದು ಅದೊಂದೇ.

ಈ ಹೊತ್ತು ಪಕ್ಕದ ಕೋಣೆಯಲ್ಲಿ ಮಲಗಿರುವವರಿಗೆ ಎಚ್ಚರವಾಗದಿರಲೆಂದು ಧ್ವನಿಯನ್ನು ತಗ್ಗಿಸಿಕೊಂಡು ಈ ಮಾತುಗಳನ್ನು ಕೇಳುತ್ತಿರುವವರು ಕೆಲವರಾದರೂ ಇರಬಹುದು. ಅವರಿಗೆ ನನ್ನ ನಮಸ್ಕಾರ. ನಿಮ್ಮ ದಣಿವು ನಿಮ್ಮ ದೋಷವಲ್ಲ. ಮಿಕ್ಕವರಲ್ಲಿ ನನ್ನ ಬಿನ್ನಹ ಇಷ್ಟೇ: ನಾಳೆ ಅಂಥ ಒಂದು ಮನೆಗೆ ಹೋಗಿ ಕಾವಡಿಯನ್ನು ಒಂದು ಗಳಿಗೆ ನಿಮ್ಮ ಹೆಗಲಿಗೆ ತೆಗೆದುಕೊಳ್ಳಿರಿ.